ಮಗ ಕೇಳಿದ ಇಂಜೆಕ್ಷನ್, ಅಮ್ಮನಿಗೆ ಬೇಕಾಗಿದ್ದ ಇಂಜೆಕ್ಷನ್

ಕಾಸರಗೋಡು ಜಿಲ್ಲೆಯ ಬದಿಯಡ್ಕ–ಪೆರ್ಲ ಆಸುಪಾಸಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ನಾನು ಡಾಕ್ಟರಲ್ಲ, ಫಾರ್ಮಸಿಸ್ಟ್. ಇಲ್ಲಿ ಬರೆಯುತ್ತಿರುವುದು ನಮ್ಮಲ್ಲಿಗೆ ಔಷಧಿಗೆ ಬರುವ ಒಂದು ಮನೆಯ, ಅಲ್ಲಿಯ ಅಮ್ಮನ ಎಲುಬು ಟೊಳ್ಳಾದ ಸಂಗತಿ. ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಮನೆಯವರ ಕೆಲವು ವಿವರ ಬದಲಿಸಿದ್ದೇನೆ. ಯಾವ ಔಷಧಿ, ಯಾವುದರ ನಂತರ ಯಾವುದು, ಯಾರು ಯಾವಾಗ ಏನು ತೀರ್ಮಾನ ಮಾಡಿದರು ಎಂಬುದನ್ನು ಬದಲಿಸಿಲ್ಲ. ನನ್ನಂಥ ಹಳ್ಳಿ ಅಂಗಡಿಯವರಿಗೆ, ಆಶಾ ಕಾರ್ಯಕರ್ತೆಯರಿಗೆ, ಊರಲ್ಲಿ ವಯಸ್ಸಾದ ತಾಯಿಯನ್ನು ಬಿಟ್ಟು ದೂರ ಇರುವ ಮಕ್ಕಳಿಗೆ ಇದು ಉಪಯೋಗಕ್ಕೆ ಬಂದೀತು.

ಮನೆ, ತೋಟ, ಎರಡು ಮುರಿತ

ಅಮ್ಮನಿಗೆ ಆಗ 67 ವರ್ಷ. ಗಂಡ ತೀರಿಕೊಂಡಿದ್ದಾರೆ. ಮಗ ಗಲ್ಫ್‌ನಲ್ಲಿ. ಮನೆಯಲ್ಲಿ ಸೊಸೆ, ಶಾಲೆಗೆ ಹೋಗುವ ಇಬ್ಬರು ಮೊಮ್ಮಕ್ಕಳು. ಸಣ್ಣ ಅಡಿಕೆ ತೋಟ, ಹಟ್ಟಿಯಲ್ಲಿ ಎರಡು ದನ. ಬಿದ್ದ ಅಡಿಕೆ ಹೆಕ್ಕುವುದರಿಂದ ಹಿಡಿದು ಸೆಗಣಿ ಬಾಚುವವರೆಗೆ ಎಲ್ಲ ಬಗ್ಗಿ ಮಾಡುವ ಕೆಲಸ. ಕೂತು ಉಣ್ಣುವ ಜೀವವಲ್ಲ ಅದು.

ಸಕ್ಕರೆ ಕಾಯಿಲೆ ಹದಿನೈದು ವರ್ಷಗಳಿಂದ ಇದೆ. ಮುಟ್ಟು ನಿಂತದ್ದು 43ಕ್ಕೇ. ಈ ಎರಡನೆಯ ಸಂಗತಿಯನ್ನು ಯಾವ ಡಾಕ್ಟರೂ ಅವರಲ್ಲಿ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. 45ಕ್ಕಿಂತ ಮೊದಲು ಮುಟ್ಟು ನಿಂತರೆ ಎಲುಬಿಗೆ ಈಸ್ಟ್ರೋಜನ್ ಆಸರೆ ಅಷ್ಟು ಬೇಗ ತಪ್ಪುತ್ತದೆ. ಎಲುಬು ಟೊಳ್ಳಾಗುವ ಕಾಯಿಲೆಗೆ, ಅಂದರೆ ಆಸ್ಟಿಯೊಪೊರೋಸಿಸ್‌ಗೆ, ಇದೊಂದು ದೊಡ್ಡ ಕಾರಣ.

ಮೊದಲ ಮುರಿತ ಮಳೆಗಾಲದಲ್ಲಿ. ಅಂಗಳದ ಪಾಚಿಯಲ್ಲಿ ಜಾರಿ ಕೈ ಊರಿ ಬಿದ್ದರು, ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದರು, ಕೂಡಿತು. ಪಾಚಿಗೆ ಬ್ಲೀಚಿಂಗ್ ಪೌಡರ್ ಹಾಕಿದರು. ಅಲ್ಲಿಗೆ ಆ ವಿಷಯ ಮುಗಿಯಿತು.

ಎರಡನೆಯದಕ್ಕೆ ಬೀಳುವುದೂ ಬೇಕಾಗಲಿಲ್ಲ. ಸುಮಾರು ಎರಡು ವರ್ಷದ ನಂತರ ಹಟ್ಟಿಯಲ್ಲಿ ಸೆಗಣಿ ಬುಟ್ಟಿ ಎತ್ತುವಾಗ ಬೆನ್ನಲ್ಲಿ ಏನೋ ಕಳಕ್ ಎಂದಿತು. ನೋವಿಗೆ ತೈಲ ತಿಕ್ಕಿದರು. ನಮ್ಮ ಅಂಗಡಿಯಿಂದ ನೋವಿನ ಮಾತ್ರೆ ಹೋಯಿತು. ಮೂರು ವಾರವಾದರೂ ರಾತ್ರಿ ಮಗ್ಗುಲು ಬದಲಿಸಲು ಆಗದಿದ್ದಾಗ ಎಕ್ಸ್‌ರೇ ತೆಗೆಸಿದರು. ಎದೆಯ ಬೆನ್ನೆಲುಬುಗಳ ಸಾಲಿನ ಕೊನೆಯ ಮಣಿ ಮುಂದಿನ ಕಡೆ ಕುಸಿದು ಆಪಿನ ಆಕಾರಕ್ಕೆ ಬಂದಿತ್ತು. ಎಲುಬಿನ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಸೊಂಟದ ಬೆನ್ನೆಲುಬಿನ ಟಿ-ಸ್ಕೋರ್, ಅಂದರೆ ಪ್ರಾಯದವರ ಗಟ್ಟಿ ಎಲುಬಿಗೆ ಹೋಲಿಸಿದ ಅಂಕ, ಮೈನಸ್ 3.6, ತೊಡೆ ಎಲುಬಿನ ಕುತ್ತಿಗೆ ಮೈನಸ್ 2.7. ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂದು ಲೆಕ್ಕ. ನಿಜ ಹೇಳಬೇಕೆಂದರೆ ಈ ವಯಸ್ಸಿನಲ್ಲಿ ಬುಟ್ಟಿ ಎತ್ತಿದ್ದಕ್ಕೆ ಬೆನ್ನೆಲುಬು ಕುಸಿದರೆ ಸ್ಕ್ಯಾನ್ ಇಲ್ಲದೆಯೂ ಕಾಯಿಲೆ ಏನೆಂದು ಹೇಳಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಂತೂ ಸ್ಕ್ಯಾನ್ ತೋರಿಸುವುದಕ್ಕಿಂತ ಎಲುಬು ಜಾಸ್ತಿ ದುರ್ಬಲವಾಗಿರುತ್ತದೆ.

ವಾರಕ್ಕೊಂದು ಮಾತ್ರೆ ಯಾಕೆ ನಿಂತಿತು

ಹತ್ತಿರದ ಆಸ್ಪತ್ರೆಯಲ್ಲಿ ಅಲೆಂಡ್ರೊನೇಟ್ 70 ಮಿಲಿಗ್ರಾಂ ಬರೆದುಕೊಟ್ಟರು. ವಾರಕ್ಕೆ ಒಂದೇ ಮಾತ್ರೆ, ಹಳೆಯ ಔಷಧಿ, ಅಗ್ಗ, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಇಷ್ಟು ಹಟದ ಮಾತ್ರೆ ನಮ್ಮ ಅಂಗಡಿಯಲ್ಲಿ ಇನ್ನೊಂದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ ನುಂಗಬೇಕು. ಮುಂದಿನ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು, ಮಲಗಲೂಬಾರದು. ಇಲ್ಲದಿದ್ದರೆ ಮಾತ್ರೆ ಮೈಗೆ ಹಿಡಿಯುವುದಿಲ್ಲ, ಅನ್ನನಾಳ ಸುಡುತ್ತದೆ.

ಆಸ್ಪತ್ರೆಯಲ್ಲಿ ಇದನ್ನೆಲ್ಲ ಹೇಳಿದ್ದಾರೆ, ಚೀಟಿಯನ್ನೂ ಕೊಟ್ಟಿದ್ದಾರೆ. ಚೀಟಿ ಮಲಯಾಳಂನಲ್ಲಿ. ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಸೊಸೆ ಪುತ್ತೂರು ಕಡೆಯವರು, ಅವರಿಗೂ ಮಲಯಾಳಂ ಅಕ್ಷರ ಬಾರದು. ಮಾತ್ರೆ ಚಹಾದ ಜೊತೆ ಒಳಗೆ ಹೋಗುತ್ತಿತ್ತು. ಬೆನ್ನು ನೋವೆಂದು ಮತ್ತೆ ಸ್ವಲ್ಪ ಅಡ್ಡಾಗುವುದು. ಒಂದು ತಿಂಗಳಲ್ಲಿ ಎದೆಯುರಿ ಶುರು. ಉರಿಗೆ ಪ್ಯಾಂಟೊಪ್ರಜೋಲ್ ಸೇರಿತು. ಆಮೇಲೆ ಮಾತ್ರೆಯೇ ನಿಂತಿತು. "ಆ ಎಲುಬಿನ ಮಾತ್ರೆ ನನಗೆ ಆಗುದಿಲ್ಲ" ಎಂದು ಅಮ್ಮ ತೀರ್ಮಾನಿಸಿಬಿಟ್ಟರು. ಇದರ ನಂತರ ನಾವು ಅಂಗಡಿಯಲ್ಲಿ ಇಂಥ ಮಾತ್ರೆಗಳಿಗೆ ಕನ್ನಡದಲ್ಲಿ ಕೈಯಾರೆ ಬರೆದ ಚೀಟಿ ಅಂಟಿಸಿ ಕೊಡುತ್ತಿದ್ದೇವೆ.

ಗಲ್ಫ್‌ನಲ್ಲಿರುವ ಮಗನಿಗೆ ಗೊತ್ತಾದದ್ದು ಇಷ್ಟೇ: ಅಮ್ಮನ ಬೆನ್ನೆಲುಬು ಕುಸಿದಿದೆ, ಕೊಟ್ಟ ಮಾತ್ರೆ ಆಗಿಬರಲಿಲ್ಲ, ನೋವು ಹಾಗೇ ಇದೆ. ದೂರ ಇರುವವನು ಫೋನಿನಲ್ಲಿ ಹುಡುಕದೆ ಬೇರೆ ಏನು ಮಾಡಿಯಾನು?

ಮಗನ ಮೆಸೇಜು

"ಅಣ್ಣಾ, ಗ್ರೋತ್ ಹಾರ್ಮೋನ್ ಇಂಜೆಕ್ಷನ್ ನಿಮ್ಮಲ್ಲಿ ಸಿಕ್ಕುದಾ? ಅಮ್ಮನ ಎಲುಬಿಗೆ. ಸ್ವೀಡನ್‌ನಲ್ಲಿ ಹೆಂಗಸರಿಗೆ ಕೊಟ್ಟು ಮುರಿತ ಅರ್ಧಕ್ಕೆ ಇಳಿದಿದೆಯಂತೆ. ಅಲ್ಲಿ ಇಲ್ಲದಿದ್ದರೆ ನಾನು ಇಲ್ಲಿಂದ ಕಳಿಸ್ತೇನೆ. ಜಿಮ್‌ನ ಒಬ್ಬನ ಹತ್ತಿರ ಉಂಟು."

ಜೊತೆಗೆ ಸುದ್ದಿಯ ಲಿಂಕು. ಮೆಸೇಜು ನೋಡಿ ನಗುವ ಹಾಗಿರಲಿಲ್ಲ. ಅವನು ಓದಿದ್ದು ಸುಳ್ಳು ಸುದ್ದಿಯಲ್ಲ. ಆ ಅಧ್ಯಯನ ನಿಜವಾಗಿಯೂ ನಡೆದಿದೆ, 2015ರಲ್ಲಿ ಹಾರ್ಮೋನ್ ತಜ್ಞರ ಒಳ್ಳೆಯ ಪತ್ರಿಕೆಯಲ್ಲೇ ಬಂದಿದೆ. "ಗೂಗಲ್ ಡಾಕ್ಟರ್ ಆಗಬೇಡ ಮಾರಾಯ" ಎಂದುಬಿಟ್ಟಿದ್ದರೆ ಅವನು ಸುಮ್ನಾಗುತ್ತಿದ್ದ, ಜಿಮ್‌ನವನ ಪೆಟ್ಟಿಗೆ ಮಾತ್ರ ಊರಿಗೆ ಬರುತ್ತಿತ್ತು. ಈ ಪ್ರಕರಣದ ಮೊದಲ ತಿರುವು ಅಲ್ಲಿಯೇ ಇದೆ ಎಂದು ನನಗನಿಸುತ್ತದೆ. ಬೇಡ ಎನ್ನುವ ಮೊದಲು ಅವನು ಓದಿದ್ದನ್ನು ಅವನ ಜೊತೆಗೇ ಇನ್ನೊಮ್ಮೆ ಓದಿದೆವು.

ಅಧ್ಯಯನ ನಡೆಸಿದವರು ಗೋಥೆನ್‌ಬರ್ಗ್‌ನ ಸಂಶೋಧಕರು. 50ರಿಂದ 70 ವರ್ಷದ, ಆಸ್ಟಿಯೊಪೊರೋಸಿಸ್ ಇದ್ದ 80 ಹೆಂಗಸರು. ಕೆಲವರಿಗೆ ದಿನಾ 1 ಯೂನಿಟ್ ಬೆಳವಣಿಗೆ ಹಾರ್ಮೋನ್, ಕೆಲವರಿಗೆ 2.5 ಯೂನಿಟ್, ಉಳಿದವರಿಗೆ ಔಷಧಿ ಇಲ್ಲದ ಸೂಜಿ. ಒಂದೂವರೆ ವರ್ಷದ ಮೇಲೆ ಖಾಲಿ ಸೂಜಿ ನಿಂತಿತು, ಹಾರ್ಮೋನ್ ಪಡೆಯುತ್ತಿದ್ದವರು ಮೂರು ವರ್ಷದವರೆಗೆ ಮುಂದುವರಿದರು. ಎಲ್ಲರಿಗೂ ಕ್ಯಾಲ್ಸಿಯಂ, ವಿಟಮಿನ್ ಡಿ ಇತ್ತು. ಹತ್ತು ವರ್ಷ ಹಿಂಬಾಲಿಸಿ ನೋಡಿದರು. ಚಿಕಿತ್ಸೆಗೆ ಮೊದಲು ಇವರಲ್ಲಿ 56 ಶೇಕಡಾ ಮಂದಿಗೆ ಎಲುಬು ಮುರಿದ ಚರಿತ್ರೆ ಇತ್ತು. ನಂತರದ ಹತ್ತು ವರ್ಷದಲ್ಲಿ ಮುರಿದದ್ದು 28 ಶೇಕಡಾ ಮಂದಿಗೆ. ಹೋಲಿಕೆಗೆಂದು ಇಟ್ಟುಕೊಂಡಿದ್ದ, ಅದೇ ವಯಸ್ಸಿನ 120 ಸಾಮಾನ್ಯ ಹೆಂಗಸರಲ್ಲಿ ಮುರಿತ 8 ಶೇಕಡಾದಿಂದ 32ಕ್ಕೆ ಏರಿತ್ತು.

ಮಗ ಹಿಡಿದುಕೊಂಡದ್ದು ಈ ಅಂಕಿಗಳನ್ನು. ಸುದ್ದಿಯಲ್ಲಿ ಇಲ್ಲದ, ಅಧ್ಯಯನದಲ್ಲಿ ಇರುವ ಒಂದು ಸಾಲು ಬೇರೆ ಇತ್ತು. ಈ 80 ಮಂದಿಯೂ ಅದಾಗಲೇ ಈಸ್ಟ್ರೋಜನ್ ತೆಗೆದುಕೊಳ್ಳುತ್ತಿದ್ದವರು. ಬೆಳವಣಿಗೆ ಹಾರ್ಮೋನ್ ಸಿಕ್ಕಿದ್ದು ಅದರ ಮೇಲೆ. ನಮ್ಮ ಅಮ್ಮನಿಗೆ ಈಸ್ಟ್ರೋಜನ್ ನಿಂತು 24 ವರ್ಷ. ಮತ್ತೆ, "ಮೊದಲು 56, ಆಮೇಲೆ 28" ಎಂಬುದು ಒಂದೇ ಗುಂಪಿನ ಹಿಂದು ಮುಂದಿನ ಲೆಕ್ಕ. ಹೋಲಿಕೆಯ 120 ಮಂದಿ ಬೇರೆಯೇ ಸಾಮಾನ್ಯ ಹೆಂಗಸರು, ಇದೇ ರೋಗಿಗಳಲ್ಲಿ ಚೀಟಿ ಎತ್ತಿ ವಿಂಗಡಿಸಿದ ಎದುರು ಗುಂಪಲ್ಲ. ಹಾರ್ಮೋನಿನಿಂದಲೇ ಮುರಿತ ಅರ್ಧವಾಯಿತು ಎಂದು ಇಷ್ಟರಿಂದ ಹೇಳಲು ಬರುವುದಿಲ್ಲ. ಇನ್ನೂ ನೋಡಬೇಕಾದ ವಿಷಯ ಎನ್ನಬಹುದು, ಅಷ್ಟೇ.

ಇದರಲ್ಲಿ ವಿಜ್ಞಾನ ಇಲ್ಲವೆಂದಲ್ಲ. ಬೆಳವಣಿಗೆ ಹಾರ್ಮೋನ್ ವಯಸ್ಸಾದಂತೆ ಮೈಯಲ್ಲಿ ಕಡಿಮೆಯಾಗುತ್ತದೆ. ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕೆಟ್ಟು ಈ ಹಾರ್ಮೋನ್ ಇಲ್ಲದವರಲ್ಲಿ ಎಲುಬು ತೆಳ್ಳಗಾಗುತ್ತದೆ, ಕೊಟ್ಟರೆ ನಿಧಾನಕ್ಕೆ ತುಂಬಿಕೊಳ್ಳುತ್ತದೆ. ನಮ್ಮ ಕಡೆಯ ಹಂಚಿನ ಮಾಡಿನ ರಿಪೇರಿಯ ಹಾಗೆ, ಎಲುಬಿನಲ್ಲಿ ಹಳತನ್ನು ತೆಗೆಯುವವರು, ಹೊಸತು ಕೂರಿಸುವವರು ಎಂದು ಎರಡು ಬಗೆಯ ಜೀವಕೋಶ ಇವೆ. ಬೆಳವಣಿಗೆ ಹಾರ್ಮೋನ್ ಇಬ್ಬರನ್ನೂ ಕೆಲಸಕ್ಕೆ ಎಬ್ಬಿಸುತ್ತದೆ. ಆದ್ದರಿಂದ ಮೊದಲ ಆರು ತಿಂಗಳು, ವರ್ಷ ಎಲುಬಿನ ಸಾಂದ್ರತೆ ಏರುವುದರ ಬದಲು ತುಸು ಇಳಿಯುವುದೂ ಉಂಟು. ಅಲೆಂಡ್ರೊನೇಟ್ ಮಾಡುವುದು ಹಳತನ್ನು ತೆಗೆಯುವ ಜೀವಕೋಶಗಳನ್ನು ತಡೆಯುವುದು ಮಾತ್ರ.

ಜಿಮ್‌ನವರ ಕೈಗೆ ಇದು ಹೇಗೆ ಬಂತು ಎಂಬುದೂ ಸ್ವಾರಸ್ಯದ ಸಂಗತಿ. 1990ರಲ್ಲಿ ಅಮೆರಿಕದಲ್ಲಿ 60 ದಾಟಿದ 12 ಗಂಡಸರಿಗೆ ಆರು ತಿಂಗಳು ಈ ಹಾರ್ಮೋನ್ ಕೊಟ್ಟು ನೋಡಿದರು. ಮಾಂಸ ಏರಿತು, ಕೊಬ್ಬು ಇಳಿಯಿತು. ಬರೀ 12 ಜನ! ಅದನ್ನು ಹಿಡಿದುಕೊಂಡು "ಮುಪ್ಪಿಗೆ ಮದ್ದು" ಎಂಬ ವ್ಯಾಪಾರವೇ ಎದ್ದು ನಿಂತಿತು. ಆ ಸಂಶೋಧಕರು ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿಯನ್ನು ಮಾರುವವರು ಹೇಳಿದರು.

ಕಣ್ಣಿನ ಕಾರ್ಡು ಮತ್ತು ಸಕ್ಕರೆಯ ಮಾತ್ರೆ

ಸೊಸೆಗೆ ನಾನು ಹೇಳಿದ್ದು, ಮನೆಯಲ್ಲಿರುವ ಎಲ್ಲ ಚೀಟಿ, ರಿಪೋರ್ಟು, ಮಾತ್ರೆಯ ಸ್ಟ್ರಿಪ್ಪು ಒಂದು ಚೀಲದಲ್ಲಿ ಹಾಕಿ ತನ್ನಿ ಎಂದು. ಪ್ಲಾಸ್ಟಿಕ್ ಚೀಲ ತುಂಬಾ ಬಂತು. ಮೂರು ಆಸ್ಪತ್ರೆಯ ಕಾಗದ. ಒಂದು ಕಡೆಯವರು ಬರೆದದ್ದನ್ನು ಇನ್ನೊಂದು ಕಡೆಯವರು ನೋಡಿದ ಲಕ್ಷಣ ಇಲ್ಲ. ಗಡಿನಾಡಿನ ಮನೆಗಳಲ್ಲಿ ಇದು ಮಾಮೂಲು. ಕಣ್ಣಿಗೆ ಮಂಗಳೂರು, ಸಕ್ಕರೆಗೆ ಹತ್ತಿರದ ಕ್ಲಿನಿಕ್ಕು, ಎಲುಬಿಗೆ ಕಾಸರಗೋಡು.

ಚೀಲದೊಳಗೆ ಕಣ್ಣಿನ ಆಸ್ಪತ್ರೆಯ ಕಾರ್ಡು ಸಿಕ್ಕಿತು. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲದಲ್ಲಿ ಹೊಸ ರಕ್ತನಾಳ ಬೆಳೆದು ಎರಡೂ ಕಣ್ಣಿಗೆ ಲೇಸರ್ ಹಾಕಿಸಿದ್ದರು. ಇದು ಕಂಡ ಮೇಲೆ ಬೆಳವಣಿಗೆ ಹಾರ್ಮೋನಿನ ಮಾತು ಹೆಚ್ಚುಕಡಿಮೆ ಮುಗಿದ ಹಾಗೆಯೇ. ಆ ಔಷಧಿಯ ಪೆಟ್ಟಿಗೆಯ ಒಳಗಿನ ಕಾಗದದಲ್ಲೇ ಬರೆದಿರುತ್ತದೆ: ಇಂಥ ಕಣ್ಣಿನ ತೊಂದರೆ ಸಕ್ರಿಯವಾಗಿದ್ದರೆ, ಕ್ಯಾನ್ಸರ್ ಇದ್ದರೆ ಕೊಡಬಾರದು. ಸಕ್ಕರೆಯನ್ನೂ ಅದು ಏರಿಸುತ್ತದೆ. ಅಮ್ಮನ ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) ಆಗಲೇ 8.2ಕ್ಕೆ ಏರಿತ್ತು. ಕೈಕಾಲು ಊತ, ಗಂಟು ನೋವು, ಮಣಿಕಟ್ಟಿನಲ್ಲಿ ನರ ಒತ್ತಿ ಬೆರಳು ಜೋಮು ಹಿಡಿಯುವುದು ಇವೆಲ್ಲ ಈ ಹಾರ್ಮೋನಿನ ಸಾಮಾನ್ಯ ಕಾಟ. ಅಮ್ಮನದು ಅದಾಗಲೇ ಮುರಿದು ಕೂಡಿದ ಮಣಿಕಟ್ಟು.

ನನ್ನ ಗಮನ ನಿಂತದ್ದು ಮಾತ್ರ ಬೇರೆ ಕಡೆ. ಸಕ್ಕರೆಯ ಮಾತ್ರೆಯ ಸ್ಟ್ರಿಪ್ಪು. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ಪಯೋಗ್ಲಿಟಜೋನ್ ಮೂರೂ ಸೇರಿದ ಒಂದೇ ಮಾತ್ರೆ. ನಮ್ಮಲ್ಲಿ ತುಂಬಾ ಓಡುವ ಮಾತ್ರೆ, ಯಾಕೆಂದರೆ ಅಗ್ಗ, ಸಕ್ಕರೆಯನ್ನು ಇಳಿಸುತ್ತದೆ. ಪಯೋಗ್ಲಿಟಜೋನ್ ಎಂದರೆ ಜನಕ್ಕೆ ಮೂತ್ರಕೋಶದ ಕ್ಯಾನ್ಸರ್ ಗಲಾಟೆ ನೆನಪಿರಬಹುದು. 2013ರ ಜೂನ್‌ನಲ್ಲಿ ಕೇಂದ್ರ ಸರಕಾರ ಅದನ್ನು ನಿಲ್ಲಿಸಿ, ಮುಂದಿನ ತಿಂಗಳೇ ಎಚ್ಚರಿಕೆಯ ಸಾಲು ಸೇರಿಸಿ ಮತ್ತೆ ಬಿಟ್ಟಿತ್ತು. ಆ ಗಲಾಟೆಯಲ್ಲಿ ಇನ್ನೊಂದು ವಿಷಯ ಮರೆತೇಹೋಯಿತು. ಈ ಔಷಧಿ ಹೆಂಗಸರಲ್ಲಿ ಎಲುಬು ಮುರಿಯುವುದನ್ನು ಹೆಚ್ಚಿಸುತ್ತದೆ. ಅಮೆರಿಕದಲ್ಲಿ 2007ರಲ್ಲೇ ಕಂಪನಿ ಡಾಕ್ಟರುಗಳಿಗೆ ಪತ್ರ ಬರೆದು ತಿಳಿಸಿತ್ತು. ಹೆಚ್ಚು ಮುರಿದದ್ದು ಮುಂಗೈ, ಮಣಿಕಟ್ಟು, ಪಾದದ ಕಡೆಯ ಎಲುಬು.

ಅಮ್ಮ ಈ ಮಾತ್ರೆ ಶುರು ಮಾಡಿ ಐದನೇ ವರ್ಷಕ್ಕೆ ಮಣಿಕಟ್ಟು ಮುರಿದಿತ್ತು. ಅದೇ ಕಾರಣ ಎಂದು ಯಾರೂ ಹೇಳಲಾಗದು. ಪಾಚಿಯೂ ಇತ್ತು, ಬೇಗ ನಿಂತ ಮುಟ್ಟೂ ಇತ್ತು. ಆದರೆ ಒಂದು ಕಡೆ ಎಲುಬಿಗೆ ಮದ್ದು ಕೊಡುತ್ತಾ ಇನ್ನೊಂದು ಕಡೆ ಎಲುಬನ್ನು ಸಡಿಲಿಸುವ ಮಾತ್ರೆ ದಿನಾ ನುಂಗಿಸುವುದಕ್ಕೆ ಅರ್ಥವಿಲ್ಲ, ಅಲ್ವಾ? ಮಾತ್ರೆ ನಿಲ್ಲಿಸಿ ಎಂದು ನಾನು ಹೇಳಲಿಲ್ಲ. ಅದು ನನ್ನ ಕೆಲಸವಲ್ಲ. ಮಾತ್ರೆಯ ಹೆಸರು, ಎಷ್ಟು ವರ್ಷದಿಂದ, ಎರಡು ಮುರಿತದ ಸಮಯ, ಮುಟ್ಟು ನಿಂತ ವಯಸ್ಸು, ಕಣ್ಣಿನ ಲೇಸರ್, ಎದೆಯುರಿಯ ಮಾತ್ರೆ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸೊಸೆಯ ಕೈಗೆ ಕೊಟ್ಟೆ. ಮಂಗಳೂರಿನ ಹಾರ್ಮೋನ್ ತಜ್ಞೆಗೆ ತೋರಿಸಲು ಹೇಳಿದೆ.

ಡಾಕ್ಟರ್ ಆ ಹಾಳೆ ಓದಿ ಮೊದಲು ಮಾಡಿದ್ದೇ ಪಯೋಗ್ಲಿಟಜೋನ್ ತೆಗೆದು ಸಕ್ಕರೆಗೆ ಬೇರೆ ಔಷಧಿ ಬರೆದದ್ದು. ಪ್ಯಾಂಟೊಪ್ರಜೋಲ್ ಸಹ ನಿಂತಿತು. ಅದು ಬಂದದ್ದೇ ತಪ್ಪಾಗಿ ನುಂಗಿದ ಅಲೆಂಡ್ರೊನೇಟ್‌ನಿಂದ.

ಕಟ್ಟುವ ಇಂಜೆಕ್ಷನ್ ಬೇರೆಯೇ ಇತ್ತು

ಮಗ ವಿಡಿಯೊ ಕರೆಯಲ್ಲಿ ಡಾಕ್ಟರನ್ನೇ ಕೇಳಿದ. ಎಲುಬು ಕಟ್ಟುವ ಹಾರ್ಮೋನ್ ಕೊಡಿ ಎಂದರೆ ಯಾಕೆ ಕೊಡುವುದಿಲ್ಲ? ಅವರು ಹೇಳಿದ್ದು ಸೊಸೆ ನನಗೆ ಹೇಳಿದ ಹಾಗೆ: "ಕಟ್ಟುವ ಹಾರ್ಮೋನೇ ಕೊಡ್ತೇನೆ. ನೀವು ಕೇಳಿದ್ದಲ್ಲ, ಬೇರೆ."

ಅದು ಟೆರಿಪ್ಯಾರಟೈಡ್. ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನಿನ ಮೊದಲ 34 ಅಮೈನೊ ಆಮ್ಲದ ತುಂಡು. ದಿನಕ್ಕೊಮ್ಮೆ 20 ಮೈಕ್ರೊಗ್ರಾಂ, ಚರ್ಮದ ಕೆಳಗೆ. ಹಾಗೆ ಸ್ವಲ್ಪ ಸ್ವಲ್ಪ ಕೊಟ್ಟಾಗ ಎಲುಬು ಕಟ್ಟುವ ಜೀವಕೋಶಗಳ ಕೆಲಸವೇ ಮೇಲಾಗುತ್ತದೆ. ಇದರ ದೊಡ್ಡ ಪರೀಕ್ಷೆ 2001ರಲ್ಲಿ ಪ್ರಕಟವಾಯಿತು. ಆಗಲೇ ಬೆನ್ನೆಲುಬು ಕುಸಿದಿದ್ದ 1637 ಹೆಂಗಸರು, ಅಂದರೆ ನಮ್ಮ ಅಮ್ಮನಂಥವರೇ. ಖಾಲಿ ಸೂಜಿ ಪಡೆದವರಲ್ಲಿ 14 ಶೇಕಡಾ ಮಂದಿಗೆ ಬೆನ್ನೆಲುಬು ಮತ್ತೆ ಮುರಿಯಿತು, 20 ಮೈಕ್ರೊಗ್ರಾಂ ಪಡೆದವರಲ್ಲಿ 5 ಶೇಕಡಾ ಮಂದಿಗೆ. ಅಮೆರಿಕದಲ್ಲಿ 2002ರಲ್ಲೇ ಇದಕ್ಕೆ ಅನುಮತಿ ಸಿಕ್ಕಿದೆ. ಈಗ ಭಾರತದ ಕಂಪನಿಗಳೂ ತಯಾರಿಸುತ್ತವೆ. ಬೆಳವಣಿಗೆ ಹಾರ್ಮೋನಿಗೆ ಆಸ್ಟಿಯೊಪೊರೋಸಿಸ್ ಚಿಕಿತ್ಸೆ ಎಂದು ಅನುಮತಿ ಇಲ್ಲ. 80 ಎಲ್ಲಿ, 1637 ಎಲ್ಲಿ ಎಂದು ಮಗನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಜಿಮ್‌ನವನ ವಿಷಯ ಮತ್ತೆ ಬರಲಿಲ್ಲ.

ಶುರು ಮಾಡುವ ಮೊದಲು ರಕ್ತಪರೀಕ್ಷೆ. ಕ್ಯಾಲ್ಸಿಯಂ ಸರಿ ಇತ್ತು. ವಿಟಮಿನ್ ಡಿ 11, ಇರಬೇಕಾದದ್ದು ಕಡಿಮೆಯೆಂದರೂ 20. ತೋಟದಲ್ಲೇ ಇರುವ ಹೆಂಗಸಿಗೆ ವಿಟಮಿನ್ ಡಿ ಕಡಿಮೆಯಾ ಎಂದು ಸೊಸೆಗೆ ಆಶ್ಚರ್ಯ. ಅಡಿಕೆ ಮರದ ನೆರಳು, ಮೈತುಂಬ ಬಟ್ಟೆ, ಐದು ತಿಂಗಳ ಮಳೆ. ವಾರಕ್ಕೊಂದು 60,000 ಯೂನಿಟ್‌ನಂತೆ ಎಂಟು ವಾರ ಕೊಟ್ಟರು. ಊಟದಲ್ಲಿ ಮಜ್ಜಿಗೆ ಇತ್ತು, ಮೀನು ಇತ್ತು. ಬೂತಾಯಿಯ ನಡುಮುಳ್ಳನ್ನು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ ತಿನ್ನಲು ಹೇಳಿದರು. ಗಂಜಿಯ ಬದಲು ದಿನಕ್ಕೊಮ್ಮೆ ರಾಗಿ ಎಂದದ್ದು ಮಾತ್ರ ನಡೆಯಲಿಲ್ಲ. "ಅದು ನಮ್ಮ ಊಟ ಅಲ್ಲ" ಎಂದರು ಅಮ್ಮ. ಬಾಕಿಗೆ ಕ್ಯಾಲ್ಸಿಯಂ ಮಾತ್ರೆ.

ಪೆನ್ನಿನ ಇಂಜೆಕ್ಷನ್ ಚುಚ್ಚಲು ಸೊಸೆ ಒಂದೇ ದಿನದಲ್ಲಿ ಕಲಿತರು. ಕಷ್ಟ ಬಂದದ್ದು ಫ್ರಿಜ್ಜಿನಲ್ಲಿ. ಪೆನ್ನು 2ರಿಂದ 8 ಡಿಗ್ರಿಯಲ್ಲಿ ಇರಬೇಕು, ಹೆಪ್ಪುಗಟ್ಟಬಾರದು, ತೆರೆದು 28 ದಿನದ ನಂತರ ಮದ್ದು ಉಳಿದಿದ್ದರೂ ಎಸೆಯಬೇಕು. ಜೂನ್, ಜುಲೈಯಲ್ಲಿ ನಮ್ಮ ಕಡೆ ಮರ ಬಿದ್ದರೆ ಕರೆಂಟು ಎರಡು ದಿನ ಬಾರದೆ ಇರುವುದೂ ಉಂಟು. ತಿಂಗಳಿಗೆ ಸಾವಿರಗಟ್ಟಲೆ ರೂಪಾಯಿಯ ಮದ್ದು ಹಾಳಾಗುವುದೆಂದರೆ ಸಣ್ಣ ಮಾತೇ? ಇನ್ವರ್ಟರ್ ಇರುವ ನಮ್ಮ ಅಂಗಡಿಯ ಫ್ರಿಜ್ಜಿನಲ್ಲಿ ಹೊಸ ಪೆನ್ನು ಇಟ್ಟು, ಬಳಸುತ್ತಿರುವುದು ಮಾತ್ರ ಮನೆಯಲ್ಲಿ ಎಂದು ಮಾಡಿಕೊಂಡೆವು. ಕರೆಂಟು ಹೋದರೆ ಐಸ್ ಪ್ಯಾಕಿಗೆ ಬಟ್ಟೆ ಸುತ್ತಿ ಥರ್ಮೊಕೋಲ್ ಡಬ್ಬಿ. ಜಿಮ್‌ನವನ ಮದ್ದು ಗಲ್ಫ್‌ನಿಂದ ಯಾರದೋ ಸೂಟ್‌ಕೇಸಿನಲ್ಲಿ ಬಂದಿದ್ದರೆ ಯಾವ ಬಿಸಿಯಲ್ಲಿ ಎಷ್ಟು ಹೊತ್ತು ಇರುತ್ತಿತ್ತೋ!

ಮೊದಲ ವಾರ ಚುಚ್ಚಿದ ಮೇಲೆ ತಲೆ ತಿರುಗಿತು. ಇದು ಗೊತ್ತಿರುವ ತೊಂದರೆ. ರಾತ್ರಿ ಊಟವಾಗಿ ಹಾಸಿಗೆಯ ಮೇಲೆ ಕೂತ ಮೇಲೆಯೇ ಚುಚ್ಚುವುದು ಎಂದು ಬದಲಿಸಿದರು. ಸರಿಹೋಯಿತು. ಕಾಲಿನ ಸೆಳೆತ ಮಾತ್ರ ಆಗಾಗ ಇತ್ತು.

ಹಟ್ಟಿಯ ಕೆಲಸ ಬಿಡಿಸುವುದು ಇವೆಲ್ಲಕ್ಕಿಂತ ಕಷ್ಟವಾಯಿತು. "ದನ ಉಂಟಲ್ಲ, ಎಂತ ಮಾಡುದು?" ಕೊನೆಗೆ ದನ ಕೊಟ್ಟದ್ದು ಮಗನ ಮಾತಿಗಲ್ಲ, ಡಾಕ್ಟರ ಮಾತಿಗೂ ಅಲ್ಲ. ಒಂದು ದನ ಗಬ್ಬ ನಿಲ್ಲದೆ ಮಾರಬೇಕಾಯಿತು, ಇನ್ನೊಂದನ್ನು ನೆರೆಮನೆಯವರು ಹಾಲು ಕೊಡುವ ಮಾತಿನ ಮೇಲೆ ಕೊಂಡುಹೋದರು. ಅಂಗಳಕ್ಕೆ ಒರಟು ಇಂಟರ್‌ಲಾಕ್ ಹಾಕಿಸಿದರು, ಬಚ್ಚಲಿಗೆ ಹಿಡಿಕೆ ಬಂತು.

ಎರಡು ವರ್ಷದ ಮೇಲೆ

ಟೆರಿಪ್ಯಾರಟೈಡ್ ಒಟ್ಟು 24 ತಿಂಗಳು ಕೊಟ್ಟರು. ಕೊನೆಗೆ ಬೆನ್ನೆಲುಬಿನ ಟಿ-ಸ್ಕೋರ್ ಮೈನಸ್ 3.0. ತೊಡೆ ಎಲುಬು ಹೆಚ್ಚು ಬದಲಾಗಲಿಲ್ಲ, ಮೈನಸ್ 2.6. ಈ ನಡುವೆ ಅಮ್ಮ ಒಮ್ಮೆ ಅಡುಗೆಮನೆಯ ಮೆಟ್ಟಿಲಲ್ಲಿ ಬಿದ್ದರು. ಮೊಣಕಾಲು ತರಚಿತು, ಎಲುಬು ಮುರಿಯಲಿಲ್ಲ. ಕುಸಿದ ಮಣಿ ಮೇಲೇಳಲಿಲ್ಲ, ಕುಗ್ಗಿದ ಎತ್ತರ ವಾಪಸ್ ಬರಲಿಲ್ಲ. ಬೆನ್ನು ನೋವು ಕಡಿಮೆಯಾಯಿತು, ಹೋಗಲಿಲ್ಲ. ಇದನ್ನು ಮೊದಲೇ ಹೇಳಿರಬೇಕು. ಇಲ್ಲದಿದ್ದರೆ ಇಷ್ಟು ದುಡ್ಡಿನ ಮದ್ದು ತೆಗೆದುಕೊಂಡೂ ನೋವು ಹೋಗಲಿಲ್ಲ ಎಂದು ನಡುವೆಯೇ ನಿಲ್ಲಿಸುವವರಿದ್ದಾರೆ.

ಎಡವಟ್ಟಾದದ್ದು ಇದರ ನಂತರ. ಟೆರಿಪ್ಯಾರಟೈಡ್ ಕಟ್ಟಿದ ಎಲುಬು ಅದು ನಿಂತ ಮೇಲೆ ಉಳಿಯಬೇಕಾದರೆ ಎಲುಬು ಕರಗುವುದನ್ನು ತಡೆಯುವ ಔಷಧಿ ಕೂಡಲೇ ಬರಬೇಕು. ಡಾಕ್ಟರ್ ಜೊಲೆಡ್ರೊನಿಕ್ ಆ್ಯಸಿಡ್ ಬರೆದಿದ್ದರು. ವರ್ಷಕ್ಕೊಮ್ಮೆ 5 ಮಿಲಿಗ್ರಾಂ, ಡ್ರಿಪ್‌ನಲ್ಲಿ. ಮನೆಯವರ ಲೆಕ್ಕದಲ್ಲಿ ಮಾತ್ರ ಎರಡು ವರ್ಷದ ಕೋರ್ಸ್ ಮುಗಿದಿತ್ತು. ದಿನಾ ಚುಚ್ಚುವ ಕಾಟ ತಪ್ಪಿದ ಖುಷಿ. ಮೊಮ್ಮಗಳ ಪರೀಕ್ಷೆ, ಸಂಬಂಧಿಕರ ಮದುವೆ, ಆಮೇಲೆ ಮಳೆ. ಹೀಗೆ ಏಳು ತಿಂಗಳು ಹೋಯಿತು. ಮತ್ತೆ ಸ್ಕ್ಯಾನ್ ಮಾಡಿದಾಗ ಬೆನ್ನೆಲುಬು ಮೈನಸ್ 3.2. ಗಳಿಸಿದ್ದರಲ್ಲಿ ಮೂರನೇ ಒಂದು ಭಾಗ ಹೋಗಿತ್ತು.

ಅಂಗಡಿಯ ಕಡೆಯಿಂದ ನೋಡಿದರೆ, ಪ್ರತಿ ತಿಂಗಳು ಪೆನ್ನಿಗೆ ಬರುತ್ತಿದ್ದ ಮನೆಯವರು ಬರುವುದು ನಿಂತರೆ ಮದ್ದು ಮುಗಿಯಿತೆಂದೇ ಅನಿಸುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಡ್ರಿಪ್ ನಮ್ಮ ಪುಸ್ತಕಕ್ಕೆ ಬರುವುದಿಲ್ಲ. ಈಗ ನಮ್ಮಲ್ಲಿ ಟೆರಿಪ್ಯಾರಟೈಡ್ ಪಡೆಯುವವರ ಕೊನೆಯ ಪೆನ್ನಿನ ಡಬ್ಬಿಯ ಮೇಲೆ "ಮುಂದಿನ ಮದ್ದು ಯಾವಾಗ?" ಎಂದು ಬರೆದೇ ಕೊಡುವುದು. ಇದೇ ದಾರಿಯಲ್ಲಿರುವ ಬೇರೆ ಅಂಗಡಿಯವರೂ ಹೀಗೆ ಮಾಡಿದರೆ ಒಳ್ಳೆಯದು.

ಜೊಲೆಡ್ರೊನಿಕ್‌ಗೆ ಮೊದಲು ಕಿಡ್ನಿ ಪರೀಕ್ಷೆ, ವಿಟಮಿನ್ ಡಿ, ಹಲ್ಲಿನ ಡಾಕ್ಟರ ಹತ್ತಿರ ಒಂದು ಸಲ. ಒಂದು ಹಲ್ಲು ಕೀಳಬೇಕಿತ್ತು, ಕಿತ್ತು ಗಾಯ ಮಾಗಿದ ಮೇಲೆಯೇ ಡ್ರಿಪ್. ಮರುದಿನ ಜ್ವರ, ಮೈಕೈ ನೋವು. ಮೊದಲ ಸಲಕ್ಕೆ ಇದು ಸಾಮಾನ್ಯ. ಪ್ಯಾರಸಿಟಮಾಲ್‌ನಲ್ಲಿ ಎರಡು ದಿನಕ್ಕೆ ಇಳಿಯಿತು.

ಮಗ ಓದುವುದನ್ನು ಬಿಟ್ಟಿಲ್ಲ. ಇತ್ತೀಚೆಗೆ ಅವನು ಕೇಳಿದ್ದು ಡೆನೊಸುಮಾಬ್ ಬಗ್ಗೆ. ಆರು ತಿಂಗಳಿಗೊಂದು 60 ಮಿಲಿಗ್ರಾಂ ಇಂಜೆಕ್ಷನ್, ಡ್ರಿಪ್ ಬೇಡ, ಮನೆ ಹತ್ತಿರವೇ ಕೊಡಿಸಬಹುದು. ಈ ಸಲದ ಪ್ರಶ್ನೆ ಸರಿಯಾಗಿಯೇ ಇತ್ತು. ಅದು ಒಪ್ಪಿಗೆ ಪಡೆದ, ಒಳ್ಳೆಯ ಔಷಧಿ. ಡಾಕ್ಟರ್ ಆದರೂ ಬೇಡ ಎಂದರು. ಡೆನೊಸುಮಾಬ್‌ನ ತಾರೀಕು ತಪ್ಪಿದರೆ ತಡೆದಿಟ್ಟ ಸವೆತ ಒಮ್ಮೆಲೇ ನುಗ್ಗಿ ಬರುತ್ತದೆ, ಕೆಲವರಲ್ಲಿ ಒಂದರ ಹಿಂದೆ ಒಂದು ಬೆನ್ನೆಲುಬು ಕುಸಿಯುತ್ತದೆ. ಜೊಲೆಡ್ರೊನಿಕ್ ಎಲುಬಿನೊಳಗೆ ಬಹಳ ಕಾಲ ಕೂತಿರುತ್ತದೆ, ಎರಡು ಮೂರು ತಿಂಗಳು ಹಿಂದೆ ಮುಂದೆ ಆದರೆ ಅಂಥ ಅಪಾಯ ಇಲ್ಲ. ಈ ಮನೆಯಲ್ಲಿ ತಾರೀಕು ಒಮ್ಮೆ ತಪ್ಪಿದೆ. 2020ರಲ್ಲಿ ಕೊರೊನಾ ಕಾಲದಲ್ಲಿ ಕೇರಳ–ಕರ್ನಾಟಕ ನಡುವಿನ ತಲಪಾಡಿ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಲಾಗದೆ ಕಾಸರಗೋಡಿನವರು ಪಟ್ಟ ಪಾಡೂ ಡಾಕ್ಟರಿಗೆ ನೆನಪಿತ್ತು. ಮಗ ಒಪ್ಪಿದ. ಮುಂದಿನ ಜೊಲೆಡ್ರೊನಿಕ್ ಬರುವ ಫೆಬ್ರವರಿಗೆ. ತಾರೀಕು ಸೊಸೆಯ ಫೋನಿನಲ್ಲಿದೆ, ನಮ್ಮ ಅಂಗಡಿಯ ಕ್ಯಾಲೆಂಡರಿನಲ್ಲೂ ಇದೆ.